ವಿದ್ಯೆಯ ಗುರಿ

1953ರಲ್ಲಿ ಬಳ್ಳಾರಿ ಜಿಲ್ಲೆ ವಿಭಜನೆಗೊಂಡು ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಸೇರಿದಾಗ ಗಡಿರೇಖೆ ಬದಲಾಯಿತೇ ಹೊರತು, ಆ ತಾಲ್ಲೂಕಿನ ಓಬಳಾಪುರದ ಸೀಮೆಯ ಕನ್ನಡ ಮನೆಗಳ ಮಾತು ಬದಲಾಗಲಿಲ್ಲ. ಮನೆಯಲ್ಲೊಂದು ನುಡಿಯನ್ನೂ ಕಚೇರಿಯಲ್ಲಿ ಇನ್ನೊಂದನ್ನೂ ಕಾಣುವ ಅಲ್ಲಿನ ಮಕ್ಕಳು ‘ಈ ಓದಿನಿಂದೇನು ಪ್ರಯೋಜನ?’ ಎಂದು ಕೇಳಿದರೆ, ಉದ್ಯೋಗದ ಆಸೆಯನ್ನಷ್ಟೇ ತೋರಿ ಸುಮ್ಮನಾಗುವುದು ಗುರುಧರ್ಮವಲ್ಲ. ಕಬ್ಬಿಣದ ಅದಿರಿಗಾಗಿ ಅಗೆದ ಬೆಟ್ಟಗಳನ್ನೂ ಮಳೆಗಾಗಿ ಕಾದಿರುವ ಹೊಲಗಳನ್ನೂ ತೋರಿಸಿ, ವಿಜ್ಞಾನ, ಗಣಿತ, ಪೌರನೀತಿಗಳೆಲ್ಲವೂ ಈ ನೆಲದ ಪ್ರಶ್ನೆಗಳಿಗೆ ಉತ್ತರವನ್ನರಸುವ ಸಾಧನಗಳೆಂದು ಮನಗಾಣಿಸಬೇಕು. ಎರಡು ನುಡಿಗಳ ನಡುವೆ ಬಾಳಿದವರ ವಿದ್ಯೆ ಎರಡಕ್ಕೂ ಉಪಕರಿಸಬಲ್ಲದು: ರಾಯದುರ್ಗ ಸೇರಿದ ಅನಂತಪುರ ಜಿಲ್ಲೆಯವರೇ ಆದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗನ್ನು ಬೋಧಿಸುತ್ತ, ಕನ್ನಡದಲ್ಲಿಯೂ ಬರೆದು, ಉಭಯ ಭಾಷೆಗಳಿಗೂ ಆಪ್ತರಾದರು. ತನ್ನ ವಿದ್ಯೆ ಯಾರಿಗೆ ಉಪಕರಿಸಬೇಕೆಂಬುದನ್ನು ಅರಿತ ವಿದ್ಯಾರ್ಥಿ ಪರೀಕ್ಷೆ ಮುಗಿದ ಮೇಲೂ ಕಲಿಯುತ್ತಲೇ ಇರುತ್ತಾನೆ; ಆ ಅರಿವನ್ನು ಮೂಡಿಸುವುದು ಹಿರಿಯರಾದ ನಮ್ಮೆಲ್ಲರ ಹೊಣೆ.