ಹಿಮದಲ್ಲಿ ಮರಗಟ್ಟಿದ ತೋಳು

ಮಾಗಿಯ ಚಳಿಯಲ್ಲಿ ಅಭ್ಯಂಜನದ ದಿನ ಬೆಳಗ್ಗೆ ಎದ್ದು ಕೊಬ್ಬರಿ ಎಣ್ಣೆಯ ಸೀಸೆಯನ್ನು ಬಗ್ಗಿಸಿದರೆ ಎಣ್ಣೆ ಬೀಳುವುದಿಲ್ಲ. ಸೀಸೆಯನ್ನು ಅಂಗೈಗೆ ಬಡಿಯುತ್ತೀರಿ, ಕಡ್ಡಿಯಿಂದ ಕೆದಕುತ್ತೀರಿ, ಕೊನೆಗೆ ಒಲೆಯ ಮಗ್ಗುಲಲ್ಲಿಟ್ಟು ಕಾಯುತ್ತೀರಿ. ನಿನ್ನೆ ಮಧ್ಯಾಹ್ನ ನೀರಿನಂತೆ ಹರಿದ ಎಣ್ಣೆ ಇಂದು ಬೆಣ್ಣೆಯಂತೆ ಕುಳಿತಿದೆ. ಹಾಗೆಂದು ಸೀಸೆ ಕೆಟ್ಟಿತು ಎಂದು ಯಾರೂ ಹೊಸ ಸೀಸೆಗಾಗಿ ಅಂಗಡಿಗೆ ಓಡುವುದಿಲ್ಲ. ಇಷ್ಟು ವಿವೇಕ ನಮ್ಮ ಬಚ್ಚಲುಮನೆಯಲ್ಲಿದೆ. ಇದೇ ಸಂಗತಿ ಒಂದು ಯಂತ್ರದ ಹೊಟ್ಟೆಯೊಳಗೆ ನಡೆದರೆ ಮಾತ್ರ ವಿವೇಕ ನಮ್ಮನ್ನು ಬಿಟ್ಟುಹೋಗುತ್ತದೆ. ಹಣದ ಚೀಲ ತಾನಾಗಿ ಬಾಯಿ ಬಿಚ್ಚಿಕೊಳ್ಳುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಅಂಥ ಒಂದು ಯಂತ್ರದ ವಿಷಯ: ಚಳಿ ದೇಶದ ಪುಟ್ಟ ಟ್ರ್ಯಾಕ್ಟರು ಮತ್ತು ಅದರೊಳಗಿನ ಎಣ್ಣೆಯ ಪಂಪು.

ಹಳಗನ್ನಡ ಪಾಠ ಹೇಳುವವನಿಗೂ ಟ್ರ್ಯಾಕ್ಟರಿಗೂ ಏನು ನಂಟು ಎಂದು ನೀವು ಕೇಳಬಹುದು. ನಂಟು ಉಂಟು. ನಮ್ಮ ಊರುಗಳಲ್ಲಿ ಓದಿದ ಎಷ್ಟೋ ಮಂದಿ ಮಕ್ಕಳು ಇಂದು ಅಮೆರಿಕದ ಮಿಶಿಗನ್, ಮಿನೆಸೋಟ ಸೀಮೆಗಳಲ್ಲಿ, ಕೆನಡಾದಲ್ಲಿ ನೆಲೆಸಿದ್ದಾರೆ. ಪಟ್ಟಣದ ಹೊರಗೆ ಎರಡು ಮೂರು ಎಕರೆಯ ನಡುವೆ ಮನೆ ಮಾಡಿಕೊಂಡವರೂ ಇದ್ದಾರೆ. ಅಲ್ಲಿ ದೊಡ್ಡ ರಸ್ತೆಯಿಂದ ಮನೆಯ ಬಾಗಿಲಿಗೆ ನೂರಾರು ಅಡಿಯ ಸ್ವಂತ ದಾರಿ. ಚಳಿಗಾಲದಲ್ಲಿ ಆ ದಾರಿಯ ಮೇಲೆ ಮೊಣಕಾಲುದ್ದ ಹಿಮ ಬಿದ್ದರೆ ಅದನ್ನು ಎತ್ತಿ ಬದಿಗೆ ಹಾಕುವ ಹೊಣೆ ಮನೆಯವರದೇ. ಆ ಕೆಲಸಕ್ಕೆ ಅವರು ಇಟ್ಟುಕೊಳ್ಳುವುದು ಇಪ್ಪತ್ತು ಮೂವತ್ತು ಅಶ್ವಶಕ್ತಿಯ ಪುಟ್ಟ ಟ್ರ್ಯಾಕ್ಟರು. ಅದರ ಮುಂದೆ ಎರಡು ಉಕ್ಕಿನ ತೋಳು, ತೋಳಿನ ತುದಿಗೆ ಅಗಲವಾದ ಮೊರದಂಥ ಬಕೆಟ್ಟು. ಸನ್ನೆ ಒತ್ತಿದರೆ ತೋಳು ಏಳುತ್ತದೆ, ಇಳಿಯುತ್ತದೆ.

ತೋಳಿಗೆ ಈ ಬಲ ಬರುವುದು ಎಣ್ಣೆಯಿಂದ. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಫ್ರಾನ್ಸಿನ ಪಾಸ್ಕಲ್ 17ನೆಯ ಶತಮಾನದಲ್ಲಿ ತಿಳಿಸಿಕೊಟ್ಟ. ಇಂಗ್ಲೆಂಡಿನ ಜೋಸೆಫ್ ಬ್ರಾಮ 1795ರಲ್ಲಿ ಈ ತತ್ತ್ವದ ಮೇಲೆ ಒತ್ತುಯಂತ್ರವನ್ನು ಕಟ್ಟಿ ಹಕ್ಕು ಪಡೆದ. ಐರ್ಲೆಂಡಿನ ಹ್ಯಾರಿ ಫರ್ಗೂಸನ್ ಎಣ್ಣೆಯ ಒತ್ತಡದಿಂದ ನೇಗಿಲನ್ನು ಎತ್ತಿ ಇಳಿಸುವ ಏರ್ಪಾಟನ್ನು ಟ್ರ್ಯಾಕ್ಟರಿನ ಬೆನ್ನಿಗೆ ಕಟ್ಟಿದ. ಅದನ್ನು ಹೊತ್ತ ಟ್ರ್ಯಾಕ್ಟರು 1936ರಲ್ಲಿ ಮಾರುಕಟ್ಟೆಗೆ ಬಂತು. ಇಂದಿನ ಟ್ರ್ಯಾಕ್ಟರುಗಳೆಲ್ಲ ಆ ವಂಶದವೇ.

ಈ ವಿದ್ಯೆಗೆ ಇಂಗ್ಲಿಷಿನಲ್ಲಿ ಹೈಡ್ರಾಲಿಕ್ ಎಂದು ಹೆಸರು. ಮೂಲ ಗ್ರೀಕು. 'ಹೈಡೋರ್' ಎಂದರೆ ನೀರು, 'ಔಲೋಸ್' ಎಂದರೆ ಕೊಳವಿ. ನೀರಿನ ಬಲದಿಂದ ನುಡಿಯುವ ಒಂದು ವಾದ್ಯಕ್ಕೆ ಗ್ರೀಕರು ಇಟ್ಟ ಹೆಸರು ಬೆಳೆದು ಇಂದು ಇಷ್ಟು ದೂರ ಬಂದಿದೆ. ಹೆಸರಿನಲ್ಲಿ ನೀರಿದೆ, ಆದರೆ ಟ್ರ್ಯಾಕ್ಟರಿನ ಕೊಳವಿಗಳಲ್ಲಿ ಹರಿಯುವುದು ಎಣ್ಣೆ, ಮತ್ತು ಆ ಎಣ್ಣೆಗೆ ಪರಮವೈರಿ ಯಾವುದು ಎಂದರೆ ನೀರೇ. ಚಳಿಗಾಲದ ತೊಂದರೆಯ ಅರ್ಧ ಕಥೆ ಈ ವಿರೋಧದಲ್ಲಿ ಅಡಗಿದೆ.

ಪಂಪು ಹೇಗೆ ಕೆಲಸಮಾಡುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ಒಂದು ಬಿಗಿಯಾದ ಪೆಟ್ಟಿಗೆಯಲ್ಲಿ ಎರಡು ಹಲ್ಲುಗಾಲಿಗಳು ಒಂದಕ್ಕೊಂದು ಕಚ್ಚಿಕೊಂಡು ತಿರುಗುತ್ತವೆ. ಹಲ್ಲುಗಳ ಸಂದಿಯಲ್ಲಿ ಸಿಕ್ಕಿದ ಎಣ್ಣೆ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗುತ್ತದೆ. ದಬ್ಬುವ ಬದಿಯಲ್ಲಿ, ತೋಳಿನ ಭಾರ ಎದುರಾದಾಗ, ಚದರ ಸೆಂಟಿಮೀಟರಿಗೆ 150 ಕಿಲೋಗ್ರಾಮಿನಷ್ಟು ಒತ್ತಡ ಹುಟ್ಟಬಹುದು. ಹೀರುವ ಬದಿಯಲ್ಲಿ? ಅಲ್ಲಿ ಎಣ್ಣೆಯನ್ನು ಪಂಪಿನೊಳಕ್ಕೆ ನೂಕುವ ಶಕ್ತಿ ನಮ್ಮ ತಲೆಯ ಮೇಲಿರುವ ಗಾಳಿಯ ಭಾರವೊಂದೇ. ಅದು ಚದರ ಸೆಂಟಿಮೀಟರಿಗೆ ಹೆಚ್ಚೆಂದರೆ ಒಂದು ಕಿಲೋಗ್ರಾಂ. ಕೊಡುವಾಗ ನೂರೈವತ್ತು, ತೆಗೆದುಕೊಳ್ಳುವಾಗ ಒಂದು! ಇಷ್ಟು ಬಡ ಬಂಡವಾಳದ ಮೇಲೆ ಇಷ್ಟು ದೊಡ್ಡ ವ್ಯಾಪಾರ ನಡೆಯುತ್ತಿರುವಾಗ, ಹೀರುವ ದಾರಿಯಲ್ಲಿ ಒಂದು ಸಣ್ಣ ಅಡ್ಡಿ ಬಂದರೂ ಅಂಗಡಿ ಮುಚ್ಚಬೇಕಾಗುತ್ತದೆ. ಪರಂಗಿ ಎಲೆಯ ದಂಟಿನಿಂದ ಮಜ್ಜಿಗೆ ಹೀರುವ ಹುಡುಗನ ಕೈಗೆ ಜೋನಿಬೆಲ್ಲದ ಲೋಟ ಕೊಟ್ಟು ನೋಡಿ. ಕೆನ್ನೆ ಒಳಗೆ ಹೋಗುತ್ತದೆಯೇ ಹೊರತು ಬೆಲ್ಲ ಮೇಲೆ ಬರುವುದಿಲ್ಲ. ತಪ್ಪು ಹುಡುಗನ ಬಾಯಿಯದಲ್ಲ.

ಚಳಿಗಾಲದಲ್ಲಿ ಈ ಅಡ್ಡಿ ಮೂರು ರೂಪಗಳಲ್ಲಿ ಬರುತ್ತದೆ. ಮೊದಲನೆಯದು ಎಣ್ಣೆಯ ಮಂದತನ. ಶೀತ ಹೆಚ್ಚಿದಂತೆ ಎಣ್ಣೆ ದಪ್ಪವಾಗುತ್ತದೆ. ಮಿನೆಸೋಟದಲ್ಲಿ ಸೊನ್ನೆಗಿಂತ 20 ಡಿಗ್ರಿ ಸೆಂಟಿಗ್ರೇಡ್ ಕೆಳಗಿನ ರಾತ್ರಿ ಅಪರೂಪವಲ್ಲ. 1996ರ ಫೆಬ್ರುವರಿ 2ರಂದು ಅಲ್ಲಿನ ಟವರ್ ಎಂಬ ಊರಿನ ಬಳಿ ಸೊನ್ನೆಗಿಂತ 51 ಡಿಗ್ರಿ ಕೆಳಗಿನ ಶೀತ ದಾಖಲಾಯಿತು. ಎರಡನೆಯದು ನೀರು. ಮಳೆಯಲ್ಲಿ ನಿಂತಾಗ, ತೊಳೆಯುವಾಗ, ಸನ್ನೆಯ ಬುಡದ ಹರಕು ರಬ್ಬರಿನ ಮೂಲಕ ನೀರು ಒಳಗಿಳಿಯುತ್ತದೆ. ಹಗಲು ಬಿಸಿ, ರಾತ್ರಿ ತಂಪು ಆಗುವಾಗ ತೊಟ್ಟಿಯ ಖಾಲಿ ಜಾಗದ ಗಾಳಿಯಲ್ಲಿರುವ ತೇವ ಬೆವರಿನಂತೆ ಕಟ್ಟಿ ಎಣ್ಣೆಗೆ ಬೀಳುತ್ತದೆ. ಬೇಸಗೆಯೆಲ್ಲ ಸುಮ್ಮನಿದ್ದ ಈ ನೀರು ಚಳಿ ಬಂದೊಡನೆ ಮಂಜುಗಡ್ಡೆಯ ಹರಳಾಗಿ, ಪಂಪಿಗೆ ಹೋಗುವ ದಾರಿಯ ಜಾಲರಿಯನ್ನು ಮುಚ್ಚಿಬಿಡುತ್ತದೆ. ಮೂರನೆಯದು ಗಾಳಿ. ಹೀರುವ ಕೊಳವಿಯ ರಬ್ಬರು ಶೀತಕ್ಕೆ ಬಿರುಸಾಗಿ, ಪಟ್ಟಿ ಬಿಗಿದ ಕಡೆ ಕೂದಲೆಳೆಯಷ್ಟು ಸಂದು ಬಿಡುತ್ತದೆ. ಅಲ್ಲಿಂದ ಎಣ್ಣೆ ಹೊರಗೆ ತೊಟ್ಟಿಕ್ಕದಿದ್ದರೂ ಗಾಳಿ ಒಳಗೆ ನುಗ್ಗುತ್ತದೆ. ಎಣ್ಣೆ ನೊರೆಯಾಗುತ್ತದೆ, ತೋಳು ನಡುಗುತ್ತದೆ.

ಹೊಟ್ಟೆಗಿಲ್ಲದ ಪಂಪು ಕೂಗುತ್ತದೆ. ತಗಡಿನ ಡಬ್ಬಿಯಲ್ಲಿ ಕಲ್ಲುಹರಳು ಕುಲುಕಿದಂಥ ಸದ್ದು, ಇಲ್ಲವೇ ಎಳೆದ ಕೀರಲು ದನಿ. ಎಣ್ಣೆ ಸಾಲದೆ ಉಂಟಾದ ಗುಳ್ಳೆಗಳು ಒತ್ತಡದ ಬದಿಗೆ ಹೋಗಿ ಒಡೆಯುವಾಗ ಉಕ್ಕಿನ ಮೇಲೂ ಸಿಡುಬಿನ ಕಲೆಯಂಥ ಗುಳಿ ಬೀಳುತ್ತದೆ. ಆ ಕೂಗನ್ನು ಕೇಳಿಯೂ ಎಂಜಿನ್ನಿನ ವೇಗ ಹೆಚ್ಚಿಸಿದರೆ, ಕೆಡದೆ ಇದ್ದ ಪಂಪು ನಿಜವಾಗಿಯೂ ಕೆಡುತ್ತದೆ.

ಮಿನೆಸೋಟದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಟ್ರ್ಯಾಕ್ಟರು ಒಂದು ಜನವರಿಯಲ್ಲಿ ಹೀಗೆ ಮುಷ್ಕರ ಹೂಡಿತು. ಎಂಜಿನ್ನು ಓಡುತ್ತಿದೆ, ತೋಳು ಏಳುತ್ತಿಲ್ಲ. ದಾರಿಯ ತುಂಬ ಹಿಮ; ಮನೆಯಲ್ಲಿ ಇಲ್ಲಿಂದ ಹೋದ ಎಂಬತ್ತರ ತಾಯಿ, ಆಕೆಗೆ ಹೃದ್ರೋಗ. ರಾತ್ರಿ ಏನಾದರೂ ಆದರೆ ಆಂಬುಲೆನ್ಸಿನ ಗಾಡಿ ಬಾಗಿಲಿಗೆ ಬರುವಂತಿಲ್ಲ. ರಿಪೇರಿಯವರನ್ನು ದೂರವಾಣಿಯಲ್ಲಿ ಕೇಳಿದರೆ, ಯಂತ್ರವನ್ನು ನೋಡದೆಯೇ, ಪಂಪು ಹೋಗಿದೆ, ಹೊಸದು ತರಿಸಲು ಎರಡು ವಾರ ಬೇಕು ಎಂದರಂತೆ. ಪಕ್ಕದ ಜಮೀನಿನ ಮುದಿ ರೈತ ಬಂದು ಕೇಳಿದ ಪ್ರಶ್ನೆ ಒಂದೇ: "ನಿನ್ನೆ ಮಧ್ಯಾಹ್ನ ಬಿಸಿಲಿನಲ್ಲಿ ಎತ್ತಿತ್ತೆ?" ಎತ್ತಿತ್ತು. "ಹಾಗಾದರೆ ಪಂಪಿಗೆ ಏನೂ ಆಗಿಲ್ಲ, ಕಣಯ್ಯ." ಇಬ್ಬರೂ ಟ್ರ್ಯಾಕ್ಟರನ್ನು ಕೊಟ್ಟಿಗೆಗೆ ಸೇರಿಸಿ, ಬಿಸಿಗಾಳಿ ಹಾಯಿಸಿ ರಾತ್ರಿ ಕಳೆದರು. ಬೆಳಗ್ಗೆ ತೊಟ್ಟಿಯ ತಳದ ತಿರುಪನ್ನು ಸಡಿಲಿಸಿದಾಗ ಮೊದಲು ಬಂದದ್ದು ಒಂದು ಲೋಟದಷ್ಟು ಶುದ್ಧ ನೀರು, ಆಮೇಲೆ ಮಜ್ಜಿಗೆಯ ಬಣ್ಣದ ಎಣ್ಣೆ. ಎಣ್ಣೆ ಬದಲಾಯಿತು, ಜಾಲರಿ ತೊಳೆದದ್ದಾಯಿತು, ಸೋಸುಗ ಹೊಸದು ಬಂತು. ಅಂದು ಸಂಜೆಯೊಳಗೆ ದಾರಿ ತೆರೆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ನಮ್ಮ ಗಾದೆಯನ್ನು ಆ ರೈತ ಕೇಳಿರಲಾರ. ಆದರೆ ಅದರ ಅರ್ಥ ಅವನಿಗೆ ಗೊತ್ತಿತ್ತು.

ಪರೀಕ್ಷೆಗೆ ಒಂದು ಕ್ರಮವಿದೆ. ನಿಮ್ಮ ಮಕ್ಕಳಿಗೆ ಹೇಳಬಹುದಾದ್ದರಿಂದ ಅದನ್ನು ಸಂಗ್ರಹವಾಗಿ ಹೇಳುತ್ತೇನೆ. ಎಲ್ಲಕ್ಕಿಂತ ಮೊದಲು ತೋಳನ್ನು ನೆಲಕ್ಕಿಳಿಸಿ, ಎಂಜಿನ್ನು ನಿಲ್ಲಿಸಿ, ಸನ್ನೆಯನ್ನು ಆಚೀಚೆ ಆಡಿಸಿ ಉಳಿದ ಒತ್ತಡವನ್ನು ಬಿಡಬೇಕು. ತೋಳು ಮೇಲೆಯೇ ಸಿಕ್ಕಿಕೊಂಡಿದ್ದರೆ ಭದ್ರವಾದ ಊರೆಯಿಲ್ಲದೆ ಅದರ ಕೆಳಗೆ ತಲೆ ಹಾಕಬಾರದು. ಎಣ್ಣೆ ಎಲ್ಲಿ ಸೋರುತ್ತಿದೆ ಎಂದು ಬರಿಗೈಯಿಂದ ತಡವಲೇ ಬಾರದು. ಒತ್ತಡದಲ್ಲಿರುವ ಎಣ್ಣೆ ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿದರೂ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ. ಗಾಯ ಮುಳ್ಳು ಚುಚ್ಚಿದಂತೆ ಕಾಣುತ್ತದೆ, ಮೊದಲು ನೋವೂ ಹೆಚ್ಚಿರುವುದಿಲ್ಲ; ಒಳಗೆ ಮಾಂಸ ಸಾಯುತ್ತಿರುತ್ತದೆ. ತಡಮಾಡಿದವರು ಬೆರಳನ್ನೋ ಕೈಯನ್ನೋ ಕಳೆದುಕೊಂಡದ್ದುಂಟು. ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡು ಹಿಡಿದರೆ ಸಾಕು. ಎಣ್ಣೆ ಚುಚ್ಚಿತೆಂದು ಅನುಮಾನ ಬಂದರೂ ಆ ಕ್ಷಣವೇ ಶಸ್ತ್ರವೈದ್ಯರ ಬಳಿಗೆ ಹೋಗಬೇಕು. ಪಂಪು ಇನ್ನೊಂದು ಸಿಕ್ಕೀತು, ಕೈ ಸಿಕ್ಕದು.

ಆಮೇಲೆ ಎಣ್ಣೆಯ ಅಳತೆಕಡ್ಡಿ. ಮಟ್ಟ ಸರಿಯಾಗಿದೆಯೆ? ಬಣ್ಣ ಜೇನಿನಂತಿದೆಯೋ ಹಾಲಿನಂತಿದೆಯೋ? ಹಾಲಿನಂತಿದ್ದರೆ ನೀರು, ನೊರೆಯಿದ್ದರೆ ಗಾಳಿ. ಪಂಪನ್ನು ಎಂಜಿನ್ನಿಗೇ ಜೋಡಿಸಿದ್ದರೆ ಎಂಜಿನ್ನಿನ ಎಣ್ಣೆಯ ಮಟ್ಟವನ್ನೂ ನೋಡಬೇಕು. ಅದು ಕಾರಣವಿಲ್ಲದೆ ಏರಿದ್ದರೆ ಪಂಪಿನ ದಂಡದ ಮುದ್ರೆ ಹರಿದು ಎಣ್ಣೆ ಅತ್ತ ಹೋಗುತ್ತಿರಬಹುದು. ಮೂರನೆಯದಾಗಿ, ಯಂತ್ರ ಬಿಸಿಯಾದ ಮೇಲೆ ತೋಳು ಚುರುಕಾಗುತ್ತದೆಯೆ? ಆದರೆ ದೋಷ ಹೀರುವ ದಾರಿಯಲ್ಲಿದೆ. ಬಿಸಿಯಾದಂತೆ ಇನ್ನೂ ಸೋಲುತ್ತದೆಯೆ? ಆಗ ಪಂಪು ಸವೆದಿರುವ ಶಂಕೆ ಬಲವಾಗುತ್ತದೆ. ತೆಳುವಾದ ಎಣ್ಣೆ ಸವೆದ ಸಂದಿಗಳಿಂದ ಹಿಂದಕ್ಕೆ ನುಸುಳುತ್ತದೆ. ನಾಲ್ಕನೆಯದು ಜಾಲರಿ, ಸೋಸುಗ, ಹೀರುವ ಕೊಳವಿಯ ಪಟ್ಟಿ. ಕೊನೆಗೆ ಒತ್ತಡದ ಮಾಪಕ ಜೋಡಿಸಿ ಅಳೆಯಬೇಕು. ಹೆಚ್ಚಿನ ಒತ್ತಡವನ್ನು ಬಿಟ್ಟುಕೊಡುವ ಕವಾಟ ತೆರೆದೇ ಸಿಕ್ಕಿಕೊಂಡಿದ್ದರೂ ತೋಳು ಏಳದು. ಎಣ್ಣೆ ಶುದ್ಧ, ಬೆಚ್ಚಗಿದೆ, ದಾರಿ ತೆರವಾಗಿದೆ, ಕವಾಟ ಸರಿಯಾಗಿದೆ, ಆದರೂ ಬಲವಿಲ್ಲ ಎಂದಾದರೆ ಆಗ ಪಂಪು ಬದಲಾಯಿಸುವುದು ನ್ಯಾಯ. ಹೊಸದನ್ನು ಎಣ್ಣೆ ತುಂಬಿಸಿಯೇ ತಿರುಗಿಸಬೇಕು. ಹಳೆಯದರ ಲೋಹದ ಚೂರುಗಳನ್ನು ತೊಳೆದು ತೆಗೆಯದಿದ್ದರೆ ಹೊಸದೂ ಹಳೆಯದರ ದಾರಿ ಹಿಡಿಯುತ್ತದೆ.

ಇಷ್ಟಕ್ಕೂ ಬಾರದಂತೆ ತಡೆಯುವುದು ಸುಲಭ. ಹಿಮ ಬೀಳುವ ಮೊದಲೇ ತಯಾರಕರು ಹೇಳಿದ ಚಳಿಗಾಲದ ಎಣ್ಣೆ ಹಾಕಿಸಬೇಕು. ಈ ಪುಟ್ಟ ಟ್ರ್ಯಾಕ್ಟರುಗಳಲ್ಲಿ ಗೇರುಪೆಟ್ಟಿಗೆಗೂ ತೋಳಿಗೂ ಸಾಮಾನ್ಯವಾಗಿ ಒಂದೇ ತೊಟ್ಟಿಯ ಎಣ್ಣೆ. ಆದ್ದರಿಂದ ಕೈಗೆ ಸಿಕ್ಕಿದ್ದನ್ನು ಸುರಿಯುವಂತಿಲ್ಲ. ನಿಲ್ಲಿಸುವಾಗ ತೋಳುಗಳನ್ನು ಪೂರ್ತಿ ಮಡಿಸಿದರೆ ಎಣ್ಣೆ ತೊಟ್ಟಿಗೆ ಮರಳಿ, ಬೆವರು ಕಟ್ಟುವ ಖಾಲಿ ಜಾಗ ಕಡಿಮೆಯಾಗುತ್ತದೆ. ಬೆಳಗ್ಗೆ ಎಂಜಿನ್ನನ್ನು ಹತ್ತು ಹದಿನೈದು ನಿಮಿಷ ನಿಧಾನವಾಗಿ ಓಡಿಸಿ, ತೋಳನ್ನು ಬರಿದೆ ಎರಡು ಬಾರಿ ಎತ್ತಿಳಿಸಿ, ಆಮೇಲೆ ಭಾರ ಹೊರಿಸಬೇಕು. ತೊಟ್ಟಿಯ ಕೆಳಗೆ ಬೆಂಕಿ ಹಾಕುವ ಸಾಹಸ ಬೇಡ. ಎಡ್ಮಂಡ್ ಹಿಲರಿಯ ತಂಡ 1958ರ ಜನವರಿ 4ರಂದು ದಕ್ಷಿಣ ಧ್ರುವವನ್ನು ಮುಟ್ಟಿದ್ದು ಪಟ್ಟಿ ತೊಡಿಸಿದ ಫರ್ಗೂಸನ್ ಟ್ರ್ಯಾಕ್ಟರುಗಳ ಮೇಲೆ. ಸಿದ್ಧತೆಯಿದ್ದ ಯಂತ್ರ ಆ ಹಿಮದಲ್ಲೂ ನಡೆಯಿತು.

ಇನ್ನು ನಮ್ಮ ನಾಡಿನ ಮಾತು. ಹಳ್ಳಿಯಲ್ಲಿ ನಿಮಗೆ ಜಮೀನಿದ್ದರೆ, ಅಲ್ಲಿ ಟ್ರ್ಯಾಕ್ಟರು ಇದ್ದರೆ, ಅದು ಮುಂಗಾರಿನುದ್ದಕ್ಕೂ ಅಂಗಳದಲ್ಲಿ ನೆನೆಯುತ್ತಿರಬಹುದು. ಇಲ್ಲಿ ನೀರು ಹೆಪ್ಪುಗಟ್ಟುವುದಿಲ್ಲವಾದ್ದರಿಂದ ಒಳಗಿಳಿದ ನೀರು ಗಲಾಟೆ ಮಾಡುವುದಿಲ್ಲ. ಮೌನವಾಗಿ ತುಕ್ಕು ಹಿಡಿಸುತ್ತ, ಹಲ್ಲುಗಾಲಿ ಸವೆಸುತ್ತ ಕೂರುತ್ತದೆ. ಅಲ್ಲಿನ ಚಳಿ ಒಂದೇ ರಾತ್ರಿಯಲ್ಲಿ ತೋರಿಸಿಕೊಡುವುದನ್ನು ಇಲ್ಲಿನ ಹವೆ ನಾಲ್ಕು ವರ್ಷ ಮುಚ್ಚಿಡುತ್ತದೆ. ಮಳೆಗಾಲ ಮುಗಿದ ಮೇಲೆ ಒಂದು ದಿನ ಅಳತೆಕಡ್ಡಿಯನ್ನು ಎಳೆದು ನೋಡಿ. ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ, ಪಂಪು ಕೂಗುವ ತನಕ ಕಾಯಬೇಡಿ.