ಹೊಲದಲ್ಲಿ ಮರ: ನೆಡೋದು ಯಾಕೆ, ಹಿಂಜರಿಯೋದು ಯಾಕೆ?
(ರಜತ ಮಹೋತ್ಸವ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತು)



ಕೃಷಿ ಅರಣ್ಯದ ಬಗ್ಗೆ ನಾಲ್ಕು ಮಾತಾಡಿ ಎಂದು ಕಾರ್ಯದರ್ಶಿಗಳು ಹೇಳಿದ್ದಾರೆ. ನಾವು ಓದಿರೋದು ಎಸ್.ಎಸ್.ಎಲ್.ಸಿ. ವರೆಗೆ. ತಜ್ಞರ ಹಾಗೆ ಹೇಳೋಕೆ ಬರೋಲ್ಲ, ಕಂಡಿದ್ದನ್ನು ಹೇಳ್ತೀವಿ.

ಕೆಂಗೇರಿ ಸೀಮೆಯವರಾದ ನಮಗೆ ಮರ ಹೊಸದಲ್ಲ. ರಾಮೋಹಳ್ಳಿಯ ದೊಡ್ಡ ಆಲದ ಮರ ನೋಡೋಕೆ ಊರೂರಿಂದ ಜನ ಬರ್ತಾರೆ. ನಮ್ಮ ಹಿರಿಯರು ರಾಗಿ ಹೊಲದ ಬದುವಿನಲ್ಲಿ ಹೊಂಗೆ, ಬೇವು, ಹಲಸು, ಹುಣಸೆ ಬೆಳೆಸಿದ್ದರು. ಹೊಂಗೆ ಸೊಪ್ಪು ಹೊಲಕ್ಕೆ ಗೊಬ್ಬರ, ಬೀಜ ಎಣ್ಣೆಗೆ, ರೆಂಬೆ ಒಲೆಗೆ, ನೆರಳು ದನಕ್ಕೆ. ಕೃಷಿ ಅರಣ್ಯ ಎಂಬ ಹೆಸರು ಆಮೇಲೆ ಬಂತು, ಅಷ್ಟೆ.

ಹಾಗಾದರೆ ಎರಡೆಕರೆ ರೈತ ಇವತ್ತು ಹಿಂಜರಿಯೋದೇಕೆ? ತಿಳುವಳಿಕೆ ಇಲ್ಲ ಅಂತ ಕೆಲವರು ಅಂತಾರೆ. ನಾವು ಒಪ್ಪೋಲ್ಲ. ನೆಟ್ಟವನಿಗೇ ಕಡಿಯೋ ಹಕ್ಕು ಸಿಗುತ್ತೋ ಇಲ್ಲವೋ, ಅದು ಅವನ ಪ್ರಶ್ನೆ.

ಶ್ರೀಗಂಧವನ್ನೇ ನೋಡಿ. 2001ರಲ್ಲಿ ಕಾನೂನು ತಿದ್ದುಪಡಿ ಆಗೋವರೆಗೆ ನಮ್ಮ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಮರವೂ ಸರ್ಕಾರದ್ದು. ಕಾಯೋ ಹೊಣೆ ಮಾತ್ರ ನಮ್ಮದು. ಯಾರಿಗೆ ಬೇಕು ಈ ರಗಳೆ ಅಂತ ಸಸಿ ಇರುವಾಗಲೇ ಕಿತ್ತು ಹಾಕಿದವರುಂಟು. ಮರ ಭೂಮಿಯ ಒಡೆಯನದು ಎಂದಾದ ಮೇಲೆ ಗಂಧ ನೆಡೋರು ಹುಟ್ಟಿಕೊಂಡರು. ಕಳ್ಳರ ಕಾಟದಿಂದ ಸಣ್ಣವರಿಗೆ ಇನ್ನೂ ಧೈರ್ಯ ಸಾಲದು.

ನೀಲಗಿರಿಯದು ಇನ್ನೊಂದು ಕಥೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಕಾಲಕ್ಕೆ ಬೆಂಗಳೂರು, ಕೋಲಾರದ ಕಡೆ ಎಷ್ಟೋ ರಾಗಿ ಹೊಲ ನೀಲಗಿರಿ ತೋಪಾಯ್ತು. ರೈತ ಸಂಘದವರು ವಿರೋಧ ಮಾಡಿದರು. 2017ರಲ್ಲಿ ಸರ್ಕಾರವೇ ಹೊಸದಾಗಿ ನೆಡಬಾರದು ಎಂದಿತು. ಆದರೂ ರೈತ ಅದನ್ನೇ ಯಾಕೆ ನೆಟ್ಟ? ಆಳು ಬೇಡ, ದನ ಮೇಯೋಲ್ಲ, 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯೋದಕ್ಕೆ ವಿನಾಯಿತಿ. ಸಿಲ್ವರ್ ಓಕ್‌ಗೂ ಅದೇ ವಿನಾಯಿತಿ ಇದೆ. ಮರ ತಪ್ಪಿರಬಹುದು, ರೈತನ ಲೆಕ್ಕ ತಪ್ಪಿರಲಿಲ್ಲ.

ಮನೆಯೊಳಗಿನ ತೊಡಕೂ ಉಂಟು. ಅಣ್ಣತಮ್ಮಂದಿರ ಪಾಲಾಗದೆ ಪಹಣಿ ಜಂಟಿಯಾಗಿದ್ದರೆ ಮರ ಯಾರದು? ಪಕ್ಕದ ಹೊಲದವರು ನೆರಳು ಬೀಳುತ್ತೆ ಅಂತ ಜಗಳಕ್ಕೆ ಬರ್ತಾರೆ. ನಮ್ಮ ಸಿಲ್ವರ್ ಓಕ್‌ಗೂ ಬಂದಿದ್ದರು. ವರ್ಷಕ್ಕೊಮ್ಮೆ ರೆಂಬೆ ಸವರಿ ಕೊಡ್ತೀವಿ ಅಂತ ರಾಜಿಯಾಯ್ತು.

ಎಲ್ಲಕ್ಕಿಂತ ದೊಡ್ಡದು ಬಡಾವಣೆ ಭಯ. ನಾಡಪ್ರಭು ಕೆಂಪೇಗೌಡ ಬಡಾವಣೆಗೆ 2008ರಲ್ಲಿ ಪ್ರಾಥಮಿಕ, 2010ರಲ್ಲಿ ಅಂತಿಮ ಅಧಿಸೂಚನೆ ಬಂದಿದ್ದು ನಮ್ಮ ಸುತ್ತಲಿನವರಿಗೆಲ್ಲ ಗೊತ್ತು. ಹೋದ ಮಳೆಗಾಲ ಸಸಿ ಗುಂಡಿ ತೆಗೀತಿದ್ದಾಗ ನಮ್ಮ ಹುಡುಗ ಕೇಳಿದ: “ಅಪ್ಪಾ, ಇದು ಬಲಿಯೋ ಹೊತ್ತಿಗೆ ಹೊಲ ನಮ್ಮದಾಗಿರುತ್ತಾ?” ಉತ್ತರ ಕೊಡೋಕಾಗಲಿಲ್ಲ. ತೇಗ ಬಿಟ್ಟು ಕಸಿ ಹಲಸು ನೆಟ್ಟೆವು. ನಾಲ್ಕೈದು ವರ್ಷಕ್ಕಾದರೂ ಕಾಯಿ ತಿಂತೀವಲ್ಲ!

ಸರ್ಕಾರದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಲ್ಲಿ ಶುರುವಾಯ್ತು. ಆಗ ಬದುಕುಳಿದ ಸಸಿಗೆ ಮೂರು ವರ್ಷಕ್ಕೆ 45 ರೂಪಾಯಿ. ಅದನ್ನು ಏರಿಸಿ 35, 40, 50, ಒಟ್ಟು 125 ಮಾಡಿದ್ದಾರೆ. ಬೇಲಿ, ನೀರಿನ ಖರ್ಚಿಗೆ ಇದು ಸಾಲದು, ನಿಜ. ಆದರೆ ಸತ್ತ ಸಸಿಗೆ ದುಡ್ಡಿಲ್ಲ, ಬದುಕಿದ್ದಕ್ಕೇ ಕೊಡ್ತಾರೆ. ಆ ನಿಯಮ ನಮಗೆ ಹಿಡಿಸಿತು.

ನಮ್ಮ ಸಂಘದ ಬೆಳೆ ಸಾಲ ವರ್ಷದೊಳಗೆ ತೀರಿಸಬೇಕು, ಮರ ವರ್ಷದಲ್ಲಿ ಬೆಳೆಯೋಲ್ಲ. ದೀರ್ಘಾವಧಿ ಸಾಲದ ವಿಚಾರ ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಇಡ್ತೀವಿ. ಅಲ್ಲಿಯವರೆಗೆ, ಸಸಿ ಬೇಕಾದವರು ಪಹಣಿ ಮತ್ತು ಬ್ಯಾಂಕ್ ಪಾಸ್‌ಬುಕ್ ಪ್ರತಿ ತನ್ನಿ. ಅರ್ಜಿ ಬರೆದುಕೊಡೋಕೆ ಸೋಮವಾರ ಬೆಳಿಗ್ಗೆ ಸಂಘದ ಕಚೇರೀಲಿ ಕೂತಿರ್ತೀವಿ.