ತಟ್ಟಿ ನೋಡಿ ಕೊಳ್ಳುವ ಮನೆ

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಕಲ್ಲಿಗೆ ಉಳಿ ಇಡುವ ಮೊದಲು ತಟ್ಟಿ ನೋಡುತ್ತಾರೆ. ಖಣಖಣ ಎಂದರೆ ಸರಿ, ಸದ್ದು ಮಂಕಾದರೆ ಒಳಗೆಲ್ಲೋ ಬಿರುಕು.

ಬೆಂಗಳೂರು ಇತ್ತ ಚಾಚಿದಂತೆ ಅಗ್ಗದ ಸೈಟು, ಪುಟ್ಟ ಮನೆಗಳ ಬೋರ್ಡುಗಳೂ ಬಂದಿವೆ. ಊರು ಗೊತ್ತಿಲ್ಲದವರಿಗೆ ಮೊದಲ ಮನೆಯ ಆಸೆ. ‘ರೈಲಿದೆ, ರಸ್ತೆಯಿದೆ’ ಎನ್ನುವ ದಲ್ಲಾಳಿ, ಭೂಪರಿವರ್ತನೆ ಆಗಿದೆಯೇ ಎಂದರೆ ಕಾಫಿ ತರಿಸುತ್ತಾನೆ!

ಮನೆಯನ್ನೂ ಕಲ್ಲಿನಂತೆಯೇ ತಟ್ಟಿ ನೋಡಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಆಸ್ತಿಯಾದರೆ, ಅಂಥ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಇದೆಯೇ ನೋಡಿ. ಬರೀ ನಮೂನೆ 11-ಬಿ ಇದ್ದರೆ ಬ್ಯಾಂಕುಗಳು ಸಾಲಕ್ಕೆ ಹಿಂದೇಟು ಹಾಕುವುದುಂಟು. ಬೆಲೆ ಇಳಿದಿರುವುದೂ ಬಹುಪಾಲು ಅದಕ್ಕೇ. ಋಣಭಾರ ಪತ್ರ ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲೇ ಸಿಗುತ್ತದೆ.

ಇನ್ನೊಂದು ಮಾತು, ಕಾಗದದಲ್ಲಿಲ್ಲದ್ದು. ಪಕ್ಕದ ಮನೆಯಲ್ಲಿ ಬೋರ್‌ವೆಲ್ ಎಷ್ಟು ಅಡಿ ಎಂದು ಕೇಳಿ. ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದವೂ ಇವೆ. ಟ್ಯಾಂಕರ್ ನೀರಿನ ಖರ್ಚನ್ನೂ ಆ ಅಗ್ಗದ ಬೆಲೆಗೆ ಕೂಡಿಸಿ ನೋಡಬೇಕು.